ಕಲ್ಲಲ್ಲ, ಒಪ್ಪಿಗೆ

ಚಿರಂಜೀವಿ ತಂಗಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ತಲುಪಿತು. ಅದರಲ್ಲಿ ‘ಟೇಕ್ ಫಾರ್ ಗ್ರಾನೈಟ್’ ಎಂದು ಬರೆದು, ಇಂಗ್ಲಿಷ್ ಮನೆಮಾತಿನವರೊಬ್ಬರ ಬರಹದಲ್ಲಿಯೇ ಹಾಗಿತ್ತೆಂದು ಅಂಚಿನಲ್ಲಿ ಸಮರ್ಥನೆಯನ್ನೂ ಕೊಟ್ಟಿರುವೆ. ಮನೆಮಾತಿನವರೆಂದ ಮಾತ್ರಕ್ಕೆ ಅವರ ಕಾಗುಣಿತ ತಪ್ಪಬಾರದೆಂದೇನೂ ಇಲ್ಲವಲ್ಲ! ಸರಿಯಾದ ರೂಪ ‘ಟೇಕ್ ಫಾರ್ ಗ್ರಾಂಟೆಡ್’. ಇಲ್ಲಿ ಅಮೆರಿಕದಲ್ಲಿ ಬಹಳ ಜನ ಮಾತಿನ ಓಟದಲ್ಲಿ ನಕಾರದ ನಂತರದ ಟಕಾರವನ್ನು ನುಂಗಿಬಿಡುವುದರಿಂದ ‘ಗ್ರಾಂಟೆಡ್’ ಎಂಬುದು ‘ಗ್ರ್ಯಾನಿಡ್’ ಎಂದು ಕೇಳಿಸುತ್ತದೆ. ಕಿವಿಯಿಂದಷ್ಟೇ ಕಲಿತವರು ಅದನ್ನು ಕಲ್ಲೆಂದೇ ತಿಳಿಯುತ್ತಾರೆ. ತಪ್ಪಾಗಿ ಕೇಳಿಸಿಕೊಂಡರೂ ಹೇಗೋ ಅರ್ಥ ಕೂಡಿಬರುವ ಇಂಥ ರೂಪಗಳನ್ನು ‘ಎಗ್‌ಕಾರ್ನ್’ ಎಂದು ಕರೆಯಬಹುದೆಂದು ಭಾಷಾವಿಜ್ಞಾನಿ ಜೆಫ್ರಿ ಪುಲಮ್ 2003ರಲ್ಲಿ ಸೂಚಿಸಿದರು. ಓಕ್ ಮರದ ಕಾಯಿಯಾದ ‘ಏಕಾರ್ನ್’ ಅನ್ನು ಯಾರೋ ಹಾಗೆ ಬರೆದಿದ್ದರಂತೆ.

‘ಗ್ರಾಂಟ್’ ಎಂದರೆ ಇಲ್ಲಿ ಅನುದಾನವಲ್ಲ. ವಾದದಲ್ಲಿ ಎದುರಿನವರ ಒಂದು ಮಾತನ್ನು ಸರಿಯೆಂದು ಒಪ್ಪಿಕೊಳ್ಳುವುದು. ಇನ್ನೂ ಯಾರೂ ಒಪ್ಪದ, ಯಾರೂ ಪರೀಕ್ಷಿಸದ ಸಂಗತಿಯನ್ನು ಆಗಲೇ ಒಪ್ಪಿತವಾದದ್ದೆಂಬಂತೆ ನಡೆಸಿಕೊಂಡು ಹೋದಾಗ ಈ ನುಡಿಗಟ್ಟು ಸಲ್ಲುತ್ತದೆ. ಆದ್ದರಿಂದ ನಿನ್ನ ಎರಡನೆಯ ಭಾಗದಲ್ಲಿ, ತಿಳಿದೂ ತಿಳಿದೇ ಮುಂದಿಟ್ಟು ಕಾರಣ ಸಮೇತ ವಿವರಿಸಿದ ಊಹೆಗೆ ಇದನ್ನು ಬಳಸಿರುವುದು ಹೊಂದುವುದಿಲ್ಲ. ಅಲ್ಲಿ ‘ಅಸ್ಯೂಮ್’ ಎಂದರೆ ಸಾಕು.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ‘ವಿ ಟುಕ್ ದ ರೀಡರ್ಸ್ ಫಾರ್ ಗ್ರಾಂಟೆಡ್’ ಎಂದು ನೀನು ಬರೆದದ್ದು, ಓದುಗರಿಗೆ ವಿಷಯ ಗೊತ್ತಿರುತ್ತದೆಂದು ಭಾವಿಸಿದೆವು ಎನ್ನುವ ಉದ್ದೇಶದಿಂದ. ಆದರೆ ಈ ನುಡಿಗಟ್ಟಿಗೆ ವ್ಯಕ್ತಿಗಳು ಕರ್ಮವಾಗಿ ಬಂದರೆ ಅರ್ಥವೇ ತಿರುಗುತ್ತದೆ: ಓದುಗರು ಹೇಗೂ ಇದ್ದೇ ಇರುತ್ತಾರೆಂದು ಅವರನ್ನು ಕಡೆಗಣಿಸಿದೆವು ಎಂದಾಗುತ್ತದೆ. ನಿನ್ನ ಮನಸ್ಸಿನಲ್ಲಿದ್ದ ಅರ್ಥ ಬರಬೇಕಾದರೆ ‘ವಿ ಟುಕ್ ಇಟ್ ಫಾರ್ ಗ್ರಾಂಟೆಡ್ ದಟ್’ ಎಂದು ಆರಂಭಿಸಿ, ಭಾವಿಸಿದ್ದು ಏನೆಂಬುದನ್ನು ಪೂರ್ಣ ವಾಕ್ಯವಾಗಿಯೇ ಹೇಳಬೇಕು. ‘ಫಾರ್’ ಇದ್ದಲ್ಲಿ ‘ಆಸ್’ ಹಾಕಬೇಡ, ‘ಗ್ರಾಂಟ್’ ಎಂದು ಮೊಟಕುಗೊಳಿಸಲೂ ಬೇಡ.

‘ಇಟ್ ಈಸ್ ಟೇಕನ್ ಫಾರ್ ಗ್ರಾಂಟೆಡ್’ ಎಂಬ ಕರ್ಮಣಿ ರೂಪ ವ್ಯಾಕರಣಕ್ಕೆ ಸರಿಯಾದರೂ ನನಗೆ ಅಷ್ಟಾಗಿ ಹಿಡಿಸದು, ಏಕೆಂದರೆ ಹಾಗೆ ಭಾವಿಸಿದವರು ಯಾರೆಂಬುದು ಅದರಲ್ಲಿ ಮರೆಯಾಗುತ್ತದೆ. ನಿನ್ನ ಕೊನೆಯ ಪುಟದಲ್ಲಿ ಅಂಥ ವಾಕ್ಯಗಳು ಸಾಲಾಗಿ ಬಂದಿವೆ. ಅಲ್ಲೆಲ್ಲ ಕರ್ತೃವನ್ನು ಹೆಸರಿಸಿ ತಿದ್ದಿ ಕಳುಹಿಸು, ಮತ್ತೊಮ್ಮೆ ಓದುತ್ತೇನೆ.

ಇತಿ,
ನಿನ್ನ ಅಣ್ಣ