ಕಥಾ ಸಂಕಲನವನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಸಾಪ್ತಾಹಿಕ ಪುರವಣಿಯ ಪುಸ್ತಕ ಪುಟವನ್ನು ನಾನು ವರ್ಷಗಳಿಂದ ತಪ್ಪದೆ ಓದುತ್ತಿದ್ದೇನೆ. ಹೊಸದಾಗಿ ಏನು ಬಂತು ಅಂತ ನನಗೆ ಗೊತ್ತಾಗುವುದೇ ಅಲ್ಲಿಂದ. ಆ ಸಲುಗೆಯಿಂದಲೇ ಒಂದು ಮಾತು ಹೇಳುತ್ತೇನೆ. ಕಥಾ ಸಂಕಲನಗಳ ಬಗ್ಗೆ ಬರೆಯುವ ರೀತಿ ಬದಲಾಗಬೇಕು.

ಈಗ ಹೇಗಿರುತ್ತದೆ ನೋಡಿ. ಸಂಕಲನದಲ್ಲಿ ಹನ್ನೊಂದು ಕಥೆಗಳಿವೆ. ಮೊದಲನೆಯದರಲ್ಲಿ ಒಬ್ಬಳು ಮನೆ ಬಿಟ್ಟು ಹೋಗುತ್ತಾಳೆ, ಎರಡನೆಯದರಲ್ಲಿ ಒಬ್ಬ ವಾಪಸ್ ಬರುತ್ತಾನೆ, ಮೂರನೆಯದು ಅಷ್ಟಾಗಿ ಗೆದ್ದಿಲ್ಲ, ಉಳಿದವೂ ಓದಿಸಿಕೊಂಡು ಹೋಗುತ್ತವೆ. ಕೊನೆಗೆ, ಮಾನವೀಯ ಸಂಬಂಧಗಳ ತಾಕಲಾಟವನ್ನು ಕಥೆಗಾರರು ಸಮರ್ಥವಾಗಿ ಹಿಡಿದಿಟ್ಟಿದ್ದಾರೆ. ಮುಗೀತು. ಪುಸ್ತಕದ ಹೆಸರು ಬದಲಿಸಿದರೆ ಈ ಸಾಲು ಯಾವುದಕ್ಕೆ ಬೇಕಾದರೂ ಹೊಂದುತ್ತದೆ, ಅಲ್ವಾ? ಮನೆ, ಬೇರು, ಅಸ್ಮಿತೆಯ ಹುಡುಕಾಟ ಅನ್ನುವ ಮಾತುಗಳು ಬೆನ್ನುಡಿಯಿಂದ ನೇರವಾಗಿ ವಿಮರ್ಶೆಗೆ ಬರುತ್ತವೆ. ಓದಿದವರಿಗೆ ಒಂದು ಕಥೆಯೂ ಕಣ್ಣಿಗೆ ಕಟ್ಟುವುದಿಲ್ಲ.

ನನ್ನ ಅಮ್ಮನಿಗೆ ಈಗ ಅಕ್ಷರ ಕಾಣುವುದಿಲ್ಲ. ರಾತ್ರಿ ಮಲಗುವ ಮುಂಚೆ ಒಂದು ಕಥೆ ಓದಿ ಹೇಳುತ್ತೇನೆ. ದಿನಕ್ಕೆ ಒಂದೇ, ಅದು ಅವಳದೇ ನಿಯಮ. ಹೋದ ತಿಂಗಳು ಓದಿದ ಒಂದು ಕಥೆಯಲ್ಲಿ, ಮದುವೆಯಾಗಿ ಹೋದ ಮಗಳು ಬಹಳ ವರ್ಷದ ಮೇಲೆ ಅಣ್ಣನ ಮನೆಗೆ ಬರುತ್ತಾಳೆ. ಅವಳು ಹುಟ್ಟಿ ಬೆಳೆದ ಮನೆಯೂ ಅದೇ. ನಾನು ಓದಿಕೊಂಡು ಹೋಗುತ್ತಿದ್ದೆ. ಅಮ್ಮ, 'ತಡಿ' ಅಂದಳು. 'ಬಾಗಿಲು ತಟ್ಟಿದಳು ಅಂತಿದೆಯಾ? ನೂಕಿದಳು ಅಂತ ಇಲ್ವಾ?' ನಾನು ಹಿಂದಕ್ಕೆ ಹೋಗಿ ನೋಡಿದೆ. ತಟ್ಟಿದಳು ಅಂತಲೇ ಇತ್ತು. 'ಹಾಗಾದ್ರೆ ಅದು ಅವಳ ಮನೆಯಲ್ಲ ಬಿಡು' ಅಂದಳು ಅಮ್ಮ.

ಆ ಒಂದು ಕ್ರಿಯಾಪದವನ್ನು ನಾನು ಗಮನಿಸದೇ ದಾಟಿಬಿಟ್ಟಿದ್ದೆ. ಇಡೀ ಕಥೆ ಅದರ ಮೇಲೆ ನಿಂತಿತ್ತು. ಅದಕ್ಕಿಂತ ಹೆಚ್ಚಿನದು ಆಮೇಲೆ ಆಯಿತು. ಮರುದಿನದ ಕಥೆಯಲ್ಲಿ ಬೇರೆ ಜನ, ಬೇರೆ ಊರು, ಅಲ್ಲಿ ಬಾಗಿಲಿನ ಮಾತೇ ಮುಖ್ಯವಲ್ಲ. ಆದರೂ ಅಮ್ಮ ಕೇಳಿದಳು, ಇವನು ಒಳಗೆ ಹೇಗೆ ಬಂದ? ಆ ಪುಸ್ತಕ ಮುಗಿಯುವವರೆಗೂ ನಾವಿಬ್ಬರೂ ಒಂದೊಂದು ಕಥೆಯಲ್ಲೂ ಅದನ್ನೇ ನೋಡುತ್ತಿದ್ದೆವು: ಯಾರು ತಟ್ಟುತ್ತಾರೆ, ಯಾರು ಕೇಳದೆ ಒಳಗೆ ಬರುತ್ತಾರೆ, ಯಾರು ಹೊರಗಡೆಯಿಂದಲೇ ಮಾತಾಡಿಸಿ ಹೋಗುತ್ತಾರೆ. ಒಂದು ಕಥೆ ಮುಂದಿನ ಕಥೆಯನ್ನು ಓದುವುದು ಹೇಗೆಂದು ಕಲಿಸಿತ್ತು. ಬಿಡಿ ಕಥೆಯನ್ನು ಪತ್ರಿಕೆಯಲ್ಲಿ ಓದಿದಾಗ ಇದು ಸಿಗುವುದಿಲ್ಲ. ಸಂಕಲನದಲ್ಲಿ ಮಾತ್ರ ಸಿಗುತ್ತದೆ.

ನಮ್ಮ ವಿಮರ್ಶೆಗಳು ಬಿಟ್ಟುಬಿಡುವುದು ಇದನ್ನೇ. ಕಥೆಗಳನ್ನು ಯಾವ ಕ್ರಮದಲ್ಲಿ ಇಟ್ಟಿದ್ದಾರೆ ಅನ್ನುವುದೂ ಬರವಣಿಗೆಯ ಭಾಗವೇ. 1914ರಲ್ಲಿ ಬಂದ ಜೇಮ್ಸ್ ಜಾಯ್ಸ್ ಅವರ ಡಬ್ಲಿನರ್ಸ್‌ನಲ್ಲಿ 15 ಕಥೆಗಳಿವೆ. ಎಲ್ಲವೂ ಒಂದೇ ಊರಿನವು. ಬಾಲ್ಯ, ಹರೆಯ, ನಡುವಯಸ್ಸು, ಆಮೇಲೆ ಊರಿನ ಸಾರ್ವಜನಿಕ ಬದುಕು ಅಂತ ಜಾಯ್ಸ್ ಬೇಕೆಂದೇ ಆ ಕ್ರಮದಲ್ಲಿ ಜೋಡಿಸಿದರು. ಹುಡುಗನ ಕಣ್ಣಿಂದ ಶುರುವಾದ ಊರು ಪುಟ ತಿರುಗಿಸಿದ ಹಾಗೆ ವಯಸ್ಸಾಗುತ್ತಾ ಹೋಗುತ್ತದೆ.

ಝುಂಪಾ ಲಾಹಿರಿ ಅವರ ಮೊದಲ ಸಂಕಲನವನ್ನೇ ತೆಗೆದುಕೊಳ್ಳಿ. 1999ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಸಿಕ್ಕಿತು. ಇರುವುದು 9 ಕಥೆ. ಮೊದಲನೆಯದರಲ್ಲಿ ಮಗುವನ್ನು ಕಳೆದುಕೊಂಡ ಗಂಡ ಹೆಂಡತಿ. ದಿನಾ ಸಂಜೆ ಒಂದು ಗಂಟೆ ಕರೆಂಟ್ ಹೋಗುತ್ತದೆ. ಬೆಳಕಿದ್ದಾಗ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುವ ಇವರು, ಕತ್ತಲಲ್ಲಿ ಇಷ್ಟು ದಿನ ಹೇಳದೇ ಇದ್ದದ್ದನ್ನು ಹೇಳಿಕೊಳ್ಳಲು ಶುರುಮಾಡುತ್ತಾರೆ. ಹತ್ತಿರ ಬಂದರು ಅಂದುಕೊಳ್ಳುವಷ್ಟರಲ್ಲಿ ಗೊತ್ತಾಗುತ್ತದೆ, ಅವಳು ಬೇರೆ ಮನೆ ನೋಡಿಯಾಗಿದೆ. ಕೊನೆಯ ಕಥೆಯಲ್ಲಿ ದೇಶ ಬಿಟ್ಟು ಹೋದ ಒಬ್ಬ ಯುವಕ, 103 ವರ್ಷದ ಮುದುಕಿಯ ಮನೆಯಲ್ಲಿ ಬಾಡಿಗೆಗೆ ಇರುತ್ತಾನೆ. ಆಮೇಲೆ ಅವನ ಹೆಂಡತಿ ಬರುತ್ತಾಳೆ. ಪರಿಚಯವೇ ಇಲ್ಲದ ಹಾಗಿದ್ದ ಇಬ್ಬರು ನಿಧಾನಕ್ಕೆ ಒಂದು ಸಂಸಾರವಾಗುತ್ತಾರೆ. ಒಡೆಯುವ ಮನೆಯಿಂದ ಪುಸ್ತಕ ಶುರು, ಕಟ್ಟುವ ಮನೆಯಲ್ಲಿ ಮುಗಿಯುತ್ತದೆ. ತಿರುಗಾಮುರುಗಾ ಇಟ್ಟಿದ್ದರೆ ಅದು ಬೇರೆಯೇ ಪುಸ್ತಕವಾಗುತ್ತಿತ್ತು, ಒಂದು ಅಕ್ಷರವನ್ನೂ ಬದಲಿಸದೆ.

ಎಲ್ಲ ಸಂಕಲನಗಳೂ ಹೀಗಿರುತ್ತವೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಪುಸ್ತಕಗಳು ವಿಶೇಷಾಂಕಗಳಲ್ಲಿ ಬಂದದ್ದು, ಸ್ಪರ್ಧೆಯಲ್ಲಿ ಬಹುಮಾನ ಬಂದದ್ದು, ಕಪಾಟಿನಲ್ಲಿ ಉಳಿದದ್ದು ಎಲ್ಲ ಸೇರಿಸಿ ಕಟ್ಟಿದ ಕಂತೆ. ಹಾಗಿದ್ದರೆ ವಿಮರ್ಶಕರು ಅದನ್ನೂ ಸ್ಪಷ್ಟವಾಗಿ ಬರೆಯಲಿ. ಬರೆಯುವವರಿಗೂ ಅದರಿಂದ ಉಪಯೋಗವೇ. ಪ್ರಕಾಶಕರಿಗೂ ಒಂದು ಕೋರಿಕೆ ಇದೆ: ಪ್ರತಿ ಕಥೆ ಮೊದಲು ಯಾವ ವರ್ಷ ಅಚ್ಚಾಯಿತು ಅಂತ ಪರಿವಿಡಿಯಲ್ಲಿ ಹಾಕಿ. ಇಪ್ಪತ್ತರ ಹರೆಯದಲ್ಲಿ ಮನೆಯ ಬಗ್ಗೆ ಬರೆದದ್ದಕ್ಕೂ ಐವತ್ತರಲ್ಲಿ ಬರೆದದ್ದಕ್ಕೂ ಅಜಗಜಾಂತರ. ಓದುವವರಿಗೆ ಅದು ಗೊತ್ತಾಗಬೇಕು.

ಸಣ್ಣ ಕಥೆ ಅಂದರೆ ಕಾದಂಬರಿ ಬರೆಯುವ ಮುಂಚಿನ ಅಭ್ಯಾಸ ಅನ್ನುವ ಮಾತು ಇನ್ನೂ ಕೇಳಿಸುತ್ತದೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆಲಿಸ್ ಮನ್ರೋ ಅವರಿಗೆ 2013ರಲ್ಲಿ ನೊಬೆಲ್ ಬಂದದ್ದು ಸಣ್ಣ ಕಥೆಗಳಿಗೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಆ ಪ್ರಶಸ್ತಿ ಪಡೆದ ಮೊದಲ ಕಥಾ ಸಂಕಲನ ಅದು, ಮೂಲ ನಮ್ಮ ಕನ್ನಡ. ಅದರಲ್ಲಿರುವ 12 ಕಥೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತಕ್ಕೂ ಜಾಸ್ತಿ ವರ್ಷದ ಕೆಲಸ. ಅಂಥದ್ದನ್ನು ಹಾಗೆ ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಗಿಸಲು ಹೇಗೆ ಮನಸ್ಸು ಬರುತ್ತದೆ?

ಪತ್ರಿಕೆಯಲ್ಲಿ ಜಾಗ ಕಡಿಮೆ ಅನ್ನುವುದು ನನಗೂ ಗೊತ್ತು. ಹಾಗಾಗಿ ಹೆಚ್ಚು ಪುಟ ಕೇಳುತ್ತಿಲ್ಲ. ಹನ್ನೊಂದು ಕಥೆಗಳ ಸಾರಾಂಶ ಬೇಡ. ಒಂದೇ ಒಂದು ಕಥೆಯನ್ನು ಹಿಡಿದು, ಅದು ಎಲ್ಲಿ ತಿರುಗುತ್ತದೆ, ಯಾವ ಮಾತಿನಲ್ಲಿ ತಿರುಗುತ್ತದೆ ಅಂತ ತೋರಿಸಿ. ಅದರ ಹಿಂದೆ ಮುಂದೆ ಯಾವ ಕಥೆ ಇದೆ, ಯಾಕೆ ಇದೆ ಅಂತ ಎರಡು ಸಾಲು ಬರೆಯಿಸಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪರಿವಿಡಿ ಹಾಕಿದರೂ ಸಾಕು. ಮುಂದಿನ ವಾರದ ಪುರವಣಿಯಿಂದಲೇ ಶುರು ಮಾಡಿ ಸಂಪಾದಕರೇ. ನಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಇನ್ನು ಎರಡೇ ಕಥೆ ಉಳಿದಿವೆ, ಮುಂದೆ ಯಾವುದು ಅಂತ ಅಮ್ಮ ಈಗಾಗಲೇ ಕೇಳುತ್ತಿದ್ದಾಳೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ