ಪ್ರತಿ ಅಪ್‌ಗ್ರೇಡ್ ಆದಮೇಲೂ ಮೇಲ್ ನಿಂತುಹೋಗುತ್ತದೆ: ಒಂದು ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಇಂದ,
ಗಾಂಧಿ ಬಜಾರ್ ಹತ್ತಿರದ ನಿಮ್ಮ ಗ್ರಾಹಕರು, ಬಸವನಗುಡಿ, ಬೆಂಗಳೂರು

ವಿಷಯ: ನಮ್ಮ ಗಿಟ್‌ಲ್ಯಾಬ್ ಸರ್ವರ್‌ನ ಇಮೇಲ್ ಸೆಟ್ಟಿಂಗ್ ಸರಿಯಾಗಿ ಮಾಡದಿರುವ ಬಗ್ಗೆ

ಮಾನ್ಯರೇ,

ನಾವು ಬರೆದ ಕೋಡನ್ನೆಲ್ಲ ಒಂದೆಡೆ ಇಟ್ಟು, ಒಬ್ಬರದ್ದನ್ನು ಒಬ್ಬರು ಪರಿಶೀಲಿಸುವ ನಮ್ಮ ಆಫೀಸಿನ ಗಿಟ್‌ಲ್ಯಾಬ್ ಸರ್ವರ್ ನೋಡಿಕೊಳ್ಳಲು ನಿಮಗೆ ಒಂದು ವರ್ಷದ ಗುತ್ತಿಗೆ ಕೊಟ್ಟು, ಹಣ ಮುಂಗಡವಾಗಿ ಕಟ್ಟಿದ್ದೇವೆ. ಮೇಲ್ ಬರುತ್ತಿಲ್ಲ ಎಂದು ಇದುವರೆಗೆ ನಾಲ್ಕು ಟಿಕೆಟ್ ಹಾಕಿದ್ದೇವೆ. ನಾಲ್ಕನ್ನೂ 'ಪರಿಹಾರವಾಗಿದೆ' ಅಂತ ಮುಚ್ಚಿದ್ದೀರಿ. ಐದನೆಯದು ಹಾಕುವ ಬದಲು ಪತ್ರವನ್ನೇ ಬರೆಯೋಣ ಎಂದು ಕೂತಿದ್ದೇನೆ.

ಗಿಟ್‌ಲ್ಯಾಬ್‌ನ ಹೊಸ ಆವೃತ್ತಿ ತಿಂಗಳ ಮೂರನೇ ಗುರುವಾರ ಬರುತ್ತದೆ. ನಿಮ್ಮವರು ಆ ಶನಿವಾರ ರಾತ್ರಿ ಅಪ್‌ಗ್ರೇಡ್ ಮಾಡುತ್ತಾರೆ. ಅದರಲ್ಲಿ ತಕರಾರಿಲ್ಲ, ಹೇಳಿದ ಟೈಮಿಗೆ ಮಾಡುತ್ತಾರೆ. ಸೋಮವಾರ ಬೆಳಿಗ್ಗೆ ನೋಡಿದರೆ ಸರ್ವರ್‌ನಿಂದ ಒಂದು ಮೇಲೂ ಇಲ್ಲ. ಫೋನ್ ಮಾಡಿದರೆ, "ನಮ್ಮ ಕಡೆಯಿಂದ ಹೋಗ್ತಿದೆ ಸಾರ್, ಒಂದ್ಸಲ ಸ್ಪ್ಯಾಮ್ ಫೋಲ್ಡರ್ ನೋಡಿ" ಎನ್ನುತ್ತಾರೆ. ಸ್ಪ್ಯಾಮ್ ನೋಡಿ ನೋಡಿ, ನನಗೆ ಎಷ್ಟು ಲಾಟರಿ ಹೊಡೆದಿದೆ ಅನ್ನೋದು ಬಾಯಿಪಾಠ ಆಗಿದೆ. ಸಂಜೆ ಹೊತ್ತಿಗೆ ಯಾರೋ ಏನೋ ಮಾಡುತ್ತಾರೆ, ಮೇಲ್ ಶುರುವಾಗುತ್ತದೆ. ಮುಂದಿನ ಅಪ್‌ಗ್ರೇಡ್‌ವರೆಗೆ ಅಷ್ಟೇ.

ಇದು ಸಣ್ಣ ವಿಷಯ ಅಂತ ನಿಮಗನ್ನಿಸಬಹುದು. ನಮ್ಮಲ್ಲಿ ಇರುವುದು ಹನ್ನೊಂದು ಜನ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೇ ಅದು ಗ್ರಾಹಕರಿಗೆ ಹೋಗುವುದು. 'ನೋಡಿ' ಅಂತ ಹೇಳುವುದು ಆ ಮೇಲ್. ಹೋದ ತಿಂಗಳು ಯಶವಂತಪುರ ಎಪಿಎಂಸಿ ಯಾರ್ಡಿನ ಮಂಡಿಯೊಂದರಲ್ಲಿ ಬಿಲ್ಲಿನ ಮೊತ್ತ ತಪ್ಪಾಗಿ ಪ್ರಿಂಟ್ ಆಗುತ್ತಿತ್ತು. ನಮ್ಮ ಹುಡುಗಿ ಸೋಮವಾರ ಮಧ್ಯಾಹ್ನಕ್ಕೇ ಸರಿಪಡಿಸಿ ಕಳಿಸಿದ್ದಳು. ನೋಡಬೇಕಾದವರು ಮನೆಯಿಂದ ಕೆಲಸ ಮಾಡುತ್ತಿದ್ದರು, ಅವರಿಗೆ ಮೇಲ್ ಬರಲಿಲ್ಲ. ಆ ಸಲ ನಿಮ್ಮ 'ಸಂಜೆ' ಬಂದದ್ದು ಗುರುವಾರ. ಅಷ್ಟೂ ದಿನ ಮಂಡಿಯವರು ಕೈಯಲ್ಲಿ ಬಿಲ್ ಬರೆದರು. ಬೈಗುಳ ತಿಂದವನು ನಾನು.

ಕೊನೆಗೆ ನಾನೇ ಲಾಗ್ ತೆಗೆದು ನೋಡಿದೆ. ಮೇಲ್ ಕಳಿಸುವಂಥ ಹಿನ್ನೆಲೆ ಕೆಲಸ ಮಾಡುವ ಸೈಡ್‌ಕಿಕ್‌ನ ಲಾಗಿನಲ್ಲಿ ಒಂದೇ ಸಾಲು ಉದ್ದಕ್ಕೂ ಇದೆ: ಸೆಂಡ್‌ಮೇಲ್ (ಸರ್ವರ್‌ನಲ್ಲೇ ಇದ್ದು ಮೇಲ್ ಕಳಿಸುವ ಪ್ರೋಗ್ರಾಂ) ಎಂಬ ಫೈಲ್ ಇಲ್ಲ. ಮೇಲ್ ನಿಮ್ಮ ಕಡೆಯಿಂದ ಹೊರಟೇ ಇರಲಿಲ್ಲ, ಅಲ್ವಾ? ಆಮೇಲೆ ಗಿಟ್‌ಲ್ಯಾಬ್‌ನ ಮುಖ್ಯ ಕಾನ್ಫಿಗ್ ಫೈಲ್ ತೆರೆದೆ. ಎಸ್‌ಎಂಟಿಪಿ, ಅಂದರೆ ಯಾವ ಮೇಲ್ ಸರ್ವರ್ ಮೂಲಕ ಮೇಲ್ ಕಳಿಸಬೇಕು ಎಂದು ಹೇಳುವ ಭಾಗದ ಪ್ರತಿ ಸಾಲಿನ ಶುರುವಿನಲ್ಲೂ ಹ್ಯಾಷ್ ಗುರುತು ಹಾಗೇ ಕೂತಿತ್ತು; ಅದಿದ್ದರೆ ಆ ಸಾಲು ಲೆಕ್ಕಕ್ಕಿಲ್ಲ. ಸರ್ವರ್ ಹೆಸರು, 587 ಪೋರ್ಟ್, ಪಾಸ್‌ವರ್ಡ್, ಯಾವುದನ್ನೂ ಅಲ್ಲಿ ತುಂಬಿಲ್ಲ. ನಿಮ್ಮವರು ಇವನ್ನೆಲ್ಲ ಹಾಕಿದ್ದು ಗಿಟ್‌ಲ್ಯಾಬ್ ತಾನಾಗಿ ತಯಾರಿಸಿಕೊಳ್ಳುವ ಒಳಗಿನ ಫೈಲಿನಲ್ಲಿ. ಪ್ರತಿ ಅಪ್‌ಗ್ರೇಡ್‌ನಲ್ಲೂ ರೀಕಾನ್ಫಿಗರ್ ಎಂಬ ಕಮಾಂಡ್ ಓಡುತ್ತದೆ. ಮುಖ್ಯ ಫೈಲಿನಲ್ಲಿ ಏನಿದೆಯೋ ಅದರಂತೆ ಒಳಗಿನ ಫೈಲುಗಳನ್ನು ಹೊಸದಾಗಿ ಬರೆಯುತ್ತದೆ. ಎಸ್‌ಎಂಟಿಪಿ ಇಲ್ಲ ಅಂದರೆ ಸೆಂಡ್‌ಮೇಲ್ ಹುಡುಕುತ್ತದೆ, ಅದು ನಮ್ಮ ಸರ್ವರ್‌ನಲ್ಲಿ ಇಲ್ಲ. ಮುಖ್ಯ ಫೈಲ್ ನಾವೇ ತಿದ್ದೋಣ ಅಂದರೆ, ನಾವು ಕೈ ಹಾಕಿದರೆ ಸಪೋರ್ಟ್ ಇಲ್ಲ ಅಂತ ನಿಮ್ಮ ಕರಾರಿನಲ್ಲೇ ಇದೆ.

ಮೂರನೇ ಟಿಕೆಟ್ಟಿನ ಕಥೆ ಬೇರೆ. 'ಕೆಲವರಿಗೆ ನೋಟಿಫಿಕೇಶನ್ ಬರುತ್ತಿಲ್ಲ' ಅಂತ ಬರೆದಿದ್ದಕ್ಕೆ ನಿಮ್ಮ ಎಂಜಿನಿಯರ್ ಸರ್ವರ್‌ನ ಕನ್ಸೋಲ್‌ಗೆ (ಕಮಾಂಡ್ ಕೊಡುವ ಪರದೆಗೆ) ಹೋಗಿ ಎಲ್ಲರ ಗ್ಲೋಬಲ್ ನೋಟಿಫಿಕೇಶನ್ ಮಟ್ಟವನ್ನೂ 'ವಾಚ್' ಮಾಡಿದರು. ನಲ್ಲಿಯಲ್ಲಿ ನೀರೇ ಬರದಿದ್ದಾಗ ಕೆಳಗೆ ದೊಡ್ಡ ಕೊಡ ಇಟ್ಟ ಹಾಗೆ. ಸಂಜೆ ನೀರು ಬಂತು. ಯಾರು ಎಲ್ಲಿ ಒಂದು ಕಾಮೆಂಟ್ ಹಾಕಿದರೂ ಎಲ್ಲರಿಗೂ ಮೇಲ್. ಮರುದಿನ ದರ್ಶಿನಿಯಲ್ಲಿ ಬೈಟೂ ಕಾಫಿ ಮುಗಿಯುವಷ್ಟರಲ್ಲಿ ಜೇಬಿನಲ್ಲಿ ಫೋನ್ ಹದಿನಾರು ಸಲ ನಡುಗಿತು. ಪಾರಾದವಳು ಒಬ್ಬಳೇ. ಅವಳು ತನ್ನ ಪ್ರಾಜೆಕ್ಟುಗಳಲ್ಲಿ ಮೊದಲೇ 'ಆನ್ ಮೆನ್ಷನ್' (ತನ್ನ ಹೆಸರು ಬಂದಾಗ ಮಾತ್ರ ಮೇಲ್) ಇಟ್ಟುಕೊಂಡಿದ್ದಳು, ಪ್ರಾಜೆಕ್ಟಿನ ಸೆಟ್ಟಿಂಗ್ ಗ್ಲೋಬಲ್ ಸೆಟ್ಟಿಂಗ್‌ಗಿಂತ ಮೇಲು. ಉಳಿದವರಲ್ಲಿ ಮೂವರು ಬೇಸತ್ತು ಗಿಟ್‌ಲ್ಯಾಬ್ ಮೇಲ್‌ಗಳನ್ನೆಲ್ಲ ನೇರವಾಗಿ ಕಸಕ್ಕೆ ಹಾಕುವ ಫಿಲ್ಟರ್ ಬರೆದುಕೊಂಡಿದ್ದಾರೆ. ಅಂದರೆ ಈಗ ಮೇಲ್ ಬಂದರೂ ಒಂದೇ, ಬರದಿದ್ದರೂ ಒಂದೇ. ಒಬ್ಬೊಬ್ಬರ ಸೆಟ್ಟಿಂಗ್ ಅವರವರದ್ದು. ಕೇಳದೆ ಮುಟ್ಟಬಾರದಿತ್ತು.

ಇನ್ನೊಂದು ಮಾತು. ಮೇಲ್‌ನಲ್ಲಿ ಬರುವ ಲಿಂಕ್ ಆಫೀಸಿನ ಒಳಗಿನ ಐಪಿ ವಿಳಾಸಕ್ಕೆ ಹೋಗುತ್ತದೆ, ಮನೆಯಿಂದ ತೆರೆಯುವುದಿಲ್ಲ. ಅದೇ ಮುಖ್ಯ ಫೈಲಿನಲ್ಲಿ ಹೊರ ವಿಳಾಸ ಬರೆಯುವ ಸಾಲು ಇದೆ. ಅದನ್ನೂ ಸರಿ ಮಾಡಿ.

ನಾವು ಕೇಳುವುದು ಇಷ್ಟು. ಎಸ್‌ಎಂಟಿಪಿ ವಿವರಗಳು ಮುಖ್ಯ ಫೈಲಿಗೆ ಹೋಗಬೇಕು. ನಮ್ಮ ಎದುರಿಗೇ ರೀಕಾನ್ಫಿಗರ್ ಓಡಿಸಿ, ಕನ್ಸೋಲ್‌ನಿಂದ ಟೆಸ್ಟ್ ಮೇಲ್ ಕಳಿಸಿ, ಅದು ನಮ್ಮ ಇನ್‌ಬಾಕ್ಸಿಗೆ ಬರುವುದನ್ನು ನೋಡಿ ಹೋಗಬೇಕು. ಎಲ್ಲರ 'ವಾಚ್' ತೆಗೆದು ಮೊದಲಿದ್ದ 'ಪಾರ್ಟಿಸಿಪೇಟ್'ಗೆ (ತಾವು ಭಾಗವಹಿಸಿದ ಚರ್ಚೆಗಳ ಮೇಲ್ ಮಾತ್ರ) ತರಬೇಕು. ನಾವು ಸರಿ ಅನ್ನುವವರೆಗೆ ಟಿಕೆಟ್ ಮುಚ್ಚಬಾರದು. ಈ ನಾಲ್ಕು ತಿಂಗಳ ಶುಲ್ಕ ವಾಪಸ್ ಮಾಡುತ್ತೀರೋ, ಗುತ್ತಿಗೆಯನ್ನು ಅಷ್ಟು ತಿಂಗಳು ಮುಂದಕ್ಕೆ ಹಾಕುತ್ತೀರೋ, ಬರಹದಲ್ಲಿ ತಿಳಿಸಿ.

ಮುಂದಿನ ಮೂರನೇ ಗುರುವಾರಕ್ಕೆ ಒಂಬತ್ತು ದಿನ ಇದೆ. ಅಷ್ಟರೊಳಗೆ ಯಾರನ್ನಾದರೂ ಕಳಿಸಿಕೊಡಿ. ಉತ್ತರ ಬರೆಯುವುದಾದರೆ ನನ್ನ ಸ್ವಂತ ಮೇಲ್‌ಗೆ ಬರೆಯಿರಿ. ಟಿಕೆಟ್‌ನಲ್ಲಿ ಕೊಟ್ಟಿದ್ದೇನೆ, ಅದಕ್ಕೆ ಮೇಲ್ ಸರಿಯಾಗಿ ಬರುತ್ತದೆ.

ಇಂತಿ,
ನಿಮ್ಮ ಗ್ರಾಹಕ