ಬೀದಿದೀಪದ ಬೆಳಕು ರಸ್ತೆಗೆ ಬೀಳಲಿ

ಸಂಪಾದಕರಿಗೆ ನಮಸ್ಕಾರ.

ಜಿಲ್ಲೆಯ ಹಳ್ಳಿಗಳಲ್ಲಿ ಹಳೆಯ ಬೀದಿದೀಪ ತೆಗೆದು ಎಲ್‌ಇಡಿ ಹಾಕುತ್ತಿರುವ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕರೆಂಟ್ ಉಳಿಯುತ್ತದೆ, ಒಳ್ಳೆಯದೇ. ಆದರೆ ಆ ದೀಪದ ಬಣ್ಣ ಯಾವುದಿರಬೇಕು, ಅದರ ಮುಖ ಯಾವ ಕಡೆಗಿರಬೇಕು ಎಂಬ ಮಾತನ್ನು ಯಾರೂ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ಶಂಕರಪುರದವನು. ಮದುವೆ, ಉಪನಯನ, ಗೃಹಪ್ರವೇಶದ ಫೋಟೊ ತೆಗೆಯುವುದು ನನ್ನ ಕಸುಬು. ರಾತ್ರಿ ಅದೇ ಕ್ಯಾಮೆರಾವನ್ನು ಆರು ಇಂಚಿನ ಟೆಲಿಸ್ಕೋಪಿಗೆ ಜೋಡಿಸಿ, ಮನೆ ಹಿಂದಿನ ಮಲ್ಲಿಗೆ ತೋಟದ ಬದಿಯಲ್ಲಿ ನಿಂತು ನೀಹಾರಿಕೆ, ನಕ್ಷತ್ರಗುಚ್ಛಗಳ ಫೋಟೊ ತೆಗೆಯುತ್ತೇನೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಸಿಗುವ ರಾತ್ರಿಗಳೇ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಮೇಲೂ ಮೋಡ ಪೂರ್ತಿ ಬಿಡುವುದಿಲ್ಲ. ಮಾರ್ಚ್ ದಾಟಿತೆಂದರೆ ಕಡಲ ಕಡೆಯಿಂದ ತೇವ, ಮಬ್ಬು. ನಂಬಿಕೊಳ್ಳಬಹುದಾದದ್ದು ಡಿಸೆಂಬರ್‌ನಿಂದ ಫೆಬ್ರುವರಿ. ಅದರಲ್ಲೂ ಧನುರ್ಮಾಸ ಎಂದರೆ ನನಗೆ ತುಂಬ ಪ್ರೀತಿ. ಮದುವೆ ಕೆಲಸ ಇರುವುದಿಲ್ಲ, ಗಾಳಿ ಒಣಗಿರುತ್ತದೆ, ಮಧ್ಯರಾತ್ರಿಯ ಹೊತ್ತಿಗೆ ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಬೇಟೆಗಾರ, ನೆತ್ತಿಯ ಹತ್ತಿರ ಬಂದಿರುತ್ತಾನೆ. ಅವನ ಸೊಂಟದ ಮೂರು ನಕ್ಷತ್ರಗಳ ಕೆಳಗೆ ಮಸುಕಾದ ಒಂದು ಚುಕ್ಕೆ ಕಾಣುತ್ತದೆ ಅಲ್ವಾ, ಅದೇ ಓರಿಯನ್ ನೀಹಾರಿಕೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿರುವ ಅನಿಲದ ಮೋಡ. ಹೊಸ ನಕ್ಷತ್ರಗಳು ಈಗಲೂ ಅದರೊಳಗೆ ಹುಟ್ಟುತ್ತಿವೆ.

ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡಿದರೆ ಅದು ಬೂದು ಬಣ್ಣವೇ. ಕೆಂಪು ಬರುವುದು ಕ್ಯಾಮೆರಾದಲ್ಲಿ, ಅದೂ ಒಂದು ಕ್ಲಿಕ್ಕಿಗೆ ಅಲ್ಲ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಮೋಟಾರ್ ಟೆಲಿಸ್ಕೋಪನ್ನೂ ತಿರುಗಿಸುತ್ತಿರಬೇಕು. ಅದಕ್ಕೆ ಮೊದಲು ಧ್ರುವ ನಕ್ಷತ್ರದ ಕಡೆ ಗುರಿಯಿಟ್ಟು ಸ್ಟ್ಯಾಂಡ್ ನಿಲ್ಲಿಸಬೇಕು. ನಮ್ಮಲ್ಲಿ ಧ್ರುವ ಇರುವುದೇ 13 ಡಿಗ್ರಿ ಎತ್ತರದಲ್ಲಿ, ತೆಂಗಿನ ಗರಿಗಳ ಹಿಂದೆ. ಗಾಳಿಗೆ ಗರಿ ಸರಿದಾಗ ಹಿಡಿದುಕೊಳ್ಳಬೇಕು. ಆಮೇಲೆ ಒಂದೊಂದು ನಿಮಿಷದ ಫೋಟೊಗಳನ್ನು ಗಂಟೆಗಟ್ಟಲೆ ತೆಗೆದು, ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಕೂರಿಸಿದರೆ ಮೋಡದ ಮಡಿಕೆಗಳು ನಿಧಾನವಾಗಿ ಮೇಲೇಳುತ್ತವೆ. ಅಂಚಿನ ಕೆಂಪು ಹೈಡ್ರೋಜನ್‌ನದು, ನಡುವಿನ ಹಸಿರು ಆಮ್ಲಜನಕದ್ದು.

ಮೊದಲು ನಮ್ಮ ರಸ್ತೆಯಲ್ಲಿ ಸೋಡಿಯಂ ದೀಪ ಇತ್ತು. ಅದರ ಬೆಳಕು ಬಹುಪಾಲು ಹಳದಿಯ ಆಸುಪಾಸಿನಲ್ಲೇ ಇರುತ್ತದೆ. ಕ್ಯಾಮೆರಾ ಮುಂದೆ ಒಂದು ಫಿಲ್ಟರ್ ಹಾಕಿ ಆ ಹಳದಿಯನ್ನು ಸಾಕಷ್ಟು ತಡೆದು, ನೀಹಾರಿಕೆಯ ಕೆಂಪು, ಹಸಿರನ್ನು ಮಾತ್ರ ಒಳಗೆ ಬಿಡಬಹುದಿತ್ತು. ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣವೂ ಇದೆ, ನೀಲಿ ಜಾಸ್ತಿ. ಯಾವುದನ್ನು ತಡೆಯುವುದು? ಅದರ ಮೇಲೆ, ನೀಲಿ ಬೆಳಕು ಗಾಳಿಯಲ್ಲಿ ಉಳಿದ ಬಣ್ಣಗಳಿಗಿಂತ ಹೆಚ್ಚು ಚದರುತ್ತದೆ. ಹಗಲು ಆಕಾಶ ನೀಲಿ ಕಾಣುವುದೂ ಅದೇ ಕಾರಣಕ್ಕೆ. ಕೃತ್ತಿಕೆ ನಕ್ಷತ್ರಗುಚ್ಛದ ಕಥೆ ಇನ್ನೂ ಕಷ್ಟ. ಆ ನಕ್ಷತ್ರಗಳ ಸುತ್ತ ತೆಳ್ಳಗಿನ ಧೂಳು ಹಬ್ಬಿದೆ, ನಕ್ಷತ್ರಗಳ ಬೆಳಕು ಬಿದ್ದು ಅದು ನೀಲಿಯಾಗಿ ಹೊಳೆಯುತ್ತದೆ. ಆ ನೀಲಿಯನ್ನು ಬೀದಿದೀಪದ ನೀಲಿಯಿಂದ ಬೇರೆ ಮಾಡಿ ಕೊಡುವ ಫಿಲ್ಟರ್ ಇಲ್ಲ.

ಇನ್ನೂ ಜಾಸ್ತಿ ಫೋಟೊ ತೆಗೆದರೆ ಆಯ್ತಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಫೋಟೊದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಅಷ್ಟು ಒಳ್ಳೆಯ ರಾತ್ರಿಗಳು ನಮ್ಮ ಕರಾವಳಿಗೆ ಎಲ್ಲಿವೆ?

ದೀಪ ಬೇಡ ಎಂದು ನಾನು ಖಂಡಿತ ಹೇಳುವುದಿಲ್ಲ. ನಮ್ಮ ಮನೆ ಎದುರಿನ ಕಂಬದಲ್ಲಿ ಎಲ್‌ಇಡಿಯನ್ನು ಹಳೆಯ ದೀಪದ ಓರೆ ಪೈಪಿಗೇ ಸಿಕ್ಕಿಸಿದ್ದರು. ಮುಖ ಮೇಲಕ್ಕೆತ್ತಿತ್ತು. ಬೆಳಕೆಲ್ಲ ನಮ್ಮ ಹಂಚಿನ ಮಾಡಿಗೆ, ಎದುರು ಮನೆಯ ಮಾವಿನ ಮರದ ತುದಿಗೆ. ಬೆಳಗಿನ ಜಾವ ಮಲ್ಲಿಗೆ ಕೊಯ್ಯಲು ಹೋಗುವ ಹೆಂಗಸರು ಆ ದೀಪದ ಕೆಳಗೇ ಟಾರ್ಚ್ ಹಿಡಿದು ನಡೆಯುತ್ತಿದ್ದರು. ದೀಪ ರಿಪೇರಿಗೆ ಬಂದವರಲ್ಲಿ ಕೇಳಿಕೊಂಡೆ. ಅವರು ಏಣಿ ಹತ್ತಿ, ಸ್ಪ್ಯಾನರ್‌ನಲ್ಲಿ ಬೋಲ್ಟ್ ಸಡಿಲಿಸಿ, ದೀಪವನ್ನು ನೆಲಕ್ಕೆ ನೇರವಾಗಿ ಮುಖ ಮಾಡಿ ಬಿಗಿದರು. ಅಷ್ಟೇ ಕೆಲಸ. ಈಗ ರಸ್ತೆಯ ಹೊಂಡ ಕಾಣುತ್ತದೆ, ಹಾವು ಮಲಗಿದ್ದರೆ ಅದೂ ಕಾಣುತ್ತದೆ. ನನ್ನ ತೋಟದ ಬದಿಗೆ ಕತ್ತಲೆ ವಾಪಸ್ ಬಂತು. ಮೊದಲು ಒಂದು ನಿಮಿಷದ ಫೋಟೊದಲ್ಲಿ ಆಕಾಶ ಅಕ್ಕಿ ತೊಳೆದ ನೀರಿನ ಹಾಗೆ ಬಿಳುಚಿಕೊಂಡಿರುತ್ತಿತ್ತು. ಈಗ ಹಿನ್ನೆಲೆ ಕಪ್ಪಾಗಿದೆ, ಓರಿಯನ್ ನೀಹಾರಿಕೆಯ ಎರಡು ಬದಿಯ ತೆಳು ರೆಕ್ಕೆಗಳೂ ಬಿಡಿಸಿಕೊಂಡು ಕಾಣುತ್ತವೆ.

ದೂರದ ಬೆಳಕಿಗೆ ಮಾತ್ರ ನನ್ನಲ್ಲಿ ಉಪಾಯ ಇಲ್ಲ. ನಮ್ಮ ತೋಟದಿಂದ ದಕ್ಷಿಣಕ್ಕೆ ನೋಡಿದರೆ ಮಂಗಳೂರಿನ ಬೆಳಕು ಆಕಾಶದ ಅಂಚಿನಲ್ಲಿ ಎದ್ದು ನಿಂತಿರುತ್ತದೆ. ದಕ್ಷಿಣದ ಆಕಾಶ ಎಂದರೆ ಈ ಊರಿನಲ್ಲಿ ಹುಟ್ಟಿದವರ ಭಾಗ್ಯ. ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಇದೆ, ಸುಮಾರು ಒಂದು ಕೋಟಿ ನಕ್ಷತ್ರಗಳು ಉಂಡೆ ಕಟ್ಟಿಕೊಂಡಿರುವುದು. ಏಪ್ರಿಲ್ ತಿಂಗಳ ಮಧ್ಯರಾತ್ರಿ ಅದು ನಮಗೆ 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಫ್ರಾನ್ಸ್‌ನ ಖಗೋಳಜ್ಞ ಮೆಸ್ಸಿಯೆ 1781ರಲ್ಲಿ ಮುಗಿಸಿದ, ನೀಹಾರಿಕೆ, ನಕ್ಷತ್ರಗುಚ್ಛಗಳ ಹೆಸರಾಂತ ಪಟ್ಟಿಯಲ್ಲಿ ಅದು ಇಲ್ಲ. ಪ್ಯಾರಿಸ್‌ನಿಂದ ಅವರಿಗೆ ಅದು ಕಾಣುತ್ತಲೇ ಇರಲಿಲ್ಲ. ಇನ್ನೂ ತಗ್ಗಿನಲ್ಲಿ, 17 ಡಿಗ್ರಿಯಲ್ಲಿ ಸಾಗುವ ಕರೀನಾ ನೀಹಾರಿಕೆ ಓರಿಯನ್‌ಗಿಂತ ಎಷ್ಟೋ ದೊಡ್ಡದು. ಇಷ್ಟು ಸಿಕ್ಕಿಯೂ ಅದನ್ನು ದೀಪದ ಬೆಳಕಿನಲ್ಲಿ ಮುಳುಗಿಸುತ್ತಿದ್ದೇವೆ ಎಂದರೆ ಹೊಟ್ಟೆ ಉರಿಯುತ್ತದೆ.

ಕಡಲತೀರದ ದೀಪಗಳಿಗಂತೂ ಇದು ಇನ್ನೂ ಮುಖ್ಯ. ಕುಂದಾಪುರದ ಕೋಡಿಯಂಥ ಕಡೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಮರಿಗಳು ಕಡಲ ಮೇಲಿನ ಬೆಳಕು ನೋಡಿ ನೀರಿಗೆ ಹೋಗುವಂಥವು. ರಸ್ತೆ ಕಡೆ ದೀಪ ಉರಿಯುತ್ತಿದ್ದರೆ ಆ ಕಡೆಗೇ ತಿರುಗಿಬಿಡುತ್ತವೆ.

ಲಡಾಖ್‌ನ ಹಾನ್ಲೆಯಲ್ಲಿ 2022ರಲ್ಲಿ ರಾತ್ರಿಯ ಕತ್ತಲೆಯನ್ನು ಉಳಿಸಲಿಕ್ಕೆಂದೇ ಸಂರಕ್ಷಿತ ಪ್ರದೇಶ ಮಾಡಿದರು. ಅಷ್ಟು ದೊಡ್ಡದು ನಾನು ಕೇಳುತ್ತಿಲ್ಲ. ಪಂಚಾಯತ್, ನಗರಸಭೆಗಳು ದೀಪ ಖರೀದಿಗೆ ಟೆಂಡರ್ ಕರೆಯುವಾಗ ಬಣ್ಣ 3,000 ಕೆಲ್ವಿನ್ ಮೀರಬಾರದು ಎಂದು ಬರೆಯಲಿ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ನೀಲಿ ಜಾಸ್ತಿ. ಮಂಟಪದಲ್ಲಿ ದಿನವೂ ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಸರಿಮಾಡುವವನು ನಾನು. 3,000 ಎಂದರೆ ಕಣ್ಣಿಗೆ ಹಿತವಾದ, ಹಳದಿ ಬೆರೆತ ಬಿಳಿ. ಆ ಬೆಳಕಿನಲ್ಲಿ ರಸ್ತೆ ಚೆನ್ನಾಗಿಯೇ ಕಾಣುತ್ತದೆ. ಸಮಾರಂಭಗಳಲ್ಲಿ ಆಕಾಶಕ್ಕೆ ಬಿಡುವ ತಿರುಗುವ ಬೆಳಕನ್ನು ಕಾರ್ಯಕ್ರಮ ಮುಗಿದ ಕೂಡಲೇ ಆರಿಸುವ ನಿಯಮವೂ ಬೇಕು. ಸಲಹೆ ಬೇಕಿದ್ದರೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದವರಿದ್ದಾರೆ, ಮಂಗಳೂರಿನ ಪಿಲಿಕುಳದ ತಾರಾಲಯ ಇದೆ.

ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯಲು ಹೇಗೂ ಊರೂರಿಗೆ ಜನ ಬರುತ್ತಾರೆ. ಆಗಲೇ ಓರೆಯಾಗಿರುವ ದೀಪಗಳನ್ನೂ ನೆಲಕ್ಕೆ ಮುಖ ಮಾಡಿಸಬೇಕು ಎಂದು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಪಂಚಾಯತ್‌ನವರಲ್ಲಿ ನನ್ನ ಕೋರಿಕೆ.

– ಒಬ್ಬ ಫೋಟೊಗ್ರಾಫರ್, ಶಂಕರಪುರ, ಉಡುಪಿ ಜಿಲ್ಲೆ